78ರ ಪ್ಲೇಟು, ಎಲ್‌ಪಿ, ಸೂಟ್‌ಕೇಸ್ ಪ್ಲೇಯರ್: ಯಾವುದನ್ನು ಯಾವುದರ ಮೇಲೆ ಹಾಕಬಹುದು?

ಹೊಳೆಬಾಗಿಲು:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಈ ಬೇಸಿಗೆಯಲ್ಲಿ ಹಂಚು ಇಳಿಸಿ ಮಾಡು ರಿಪೇರಿ ಮಾಡಿಸಿದೆವು. ಅಟ್ಟ ಖಾಲಿ ಮಾಡುವಾಗ ಅಡಿಕೆ ಚೀಲಗಳ ಹಿಂದೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಹಳೆ ಪಂಚೆಯಲ್ಲಿ ಸುತ್ತಿಟ್ಟ ಕೀ ಕೊಡುವ ಗ್ರಾಮಫೋನ್ ಇತ್ತು. ಎಚ್‌ಎಂವಿ 102, ಕಪ್ಪು ಪೆಟ್ಟಿಗೆಯದ್ದು. ಜೊತೆಗೆ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವವು), ಎಣಿಸಿದರೆ 34. ಇನ್ನೊಂದು ರಟ್ಟಿನ ಡಬ್ಬದಲ್ಲಿ ಸುಮಾರು 20 ಎಲ್‌ಪಿ (33ರ ಸ್ಪೀಡ್‌ನಲ್ಲಿ ಹೆಚ್ಚು ಹೊತ್ತು ಹಾಡುವ ಪ್ಲೇಟು), ಒಂದಷ್ಟು 7 ಇಂಚಿನ ಚಿಕ್ಕವು. ಅಜ್ಜ ತೀರಿಕೊಂಡಾಗ ನನಗೆ ಆರು ವರ್ಷ. ಅವರು ಹಾಡು ಕೇಳುತ್ತಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಬಂದವನು ಒಂದು ಸೂಟ್‌ಕೇಸ್ ಪ್ಲೇಯರ್ ತಗೊಂಡೆ. 33, 45, 78 ಮೂರೂ ಸ್ಪೀಡ್ ಇದೆ, ಯಾವ ಪ್ಲೇಟು ಬೇಕಾದ್ರೂ ಹಾಕಿ ಅಂತ ಅಂಗಡಿಯವರು ಹೇಳಿದ್ದರು. ಎಲ್‌ಪಿ ಚೆನ್ನಾಗೇ ಹಾಡುತ್ತೆ. 78 ಹಾಕಿದರೆ ಮಾತ್ರ ಒಗ್ಗರಣೆ ಸಿಡಿದ ಹಾಗೆ ಚಟಪಟ, ಅದರ ಹಿಂದೆ ಎಲ್ಲೋ ದೂರದಲ್ಲಿ ಸಣ್ಣ ದನಿ. ಅದೇ ಪ್ಲೇಟನ್ನು ಊರಿಗೆ ತಗೊಂಡು ಹೋಗಿ ಅಜ್ಜನ ಗ್ರಾಮಫೋನ್ ಮೇಲೆ ಹಾಕಿದರೆ ಜಗಲಿಯಲ್ಲಿ ಕೂತವರಿಗೂ ಕೇಳುವಷ್ಟು ಗಟ್ಟಿ ದನಿ. ಕರೆಂಟ್ ಇಲ್ಲ, ಸ್ಪೀಕರ್ ಇಲ್ಲ, ಆದರೂ ಹಾಗೆ. ಹೊಸ ಮಷಿನ್ ಯಾಕೆ ಸೋಲುತ್ತೆ?

ಎರಡನೇದು ಸ್ವಲ್ಪ ಬೇಜಾರಿನ ವಿಷಯ. ಚಿಕ್ಕಪ್ಪನ ಮಗ ಒಂದು ಎಲ್‌ಪಿಯನ್ನು ಗ್ರಾಮಫೋನ್ ಮೇಲೆ ಹಾಕಿಬಿಟ್ಟ. ಸ್ಪೀಡ್ ಕಡಿಮೆ ಮಾಡಿದರೆ ಆಯ್ತು ಅಂತ ಅವನ ಲೆಕ್ಕ. ಸ್ಪೀಡಿನ ಕಡ್ಡಿ ಪೂರ್ತಿ ಎಳೆದರೂ ಅದು 33ಕ್ಕೆ ಇಳಿಯಲಿಲ್ಲ. ಒಂದು ನಿಮಿಷ ಓಡಿತು ಅಷ್ಟೆ. ಈಗ ಆ ಹಾಡನ್ನು ಸೂಟ್‌ಕೇಸ್ ಪ್ಲೇಯರ್‌ನಲ್ಲಿ ಹಾಕಿದರೆ ಮೊದಲ ನಿಮಿಷ ಬರೀ ಕರಕರ. ಸರಿ ಮಾಡಲು ಆಗುತ್ತಾ?

ಮೂರನೇದು, ಪ್ಲೇಟುಗಳ ಮೇಲೆ ಬಿಳಿ ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಿ ಅಂತ ಒಬ್ಬರು ಹೇಳಿದರು. ಇನ್ನೂ ಮುಟ್ಟಿಲ್ಲ, ಇಲ್ಲಿ ಕೇಳಿಯೇ ಮಾಡೋಣ ಅಂತ.

ಇನ್ನೊಂದು ಪ್ಲೇಟಿನ ಲೇಬಲ್ಲು ಪೂರ್ತಿ ಉದುರಿಹೋಗಿದೆ. ಹೆಂಗಸಿನ ದನಿ. ಹಾಡು ಮುಗಿದ ಮೇಲೆ ಅವರು ಏನೋ ಹೇಳುತ್ತಾರೆ, ತುಂಬಾ ಬೇಗ, ಹಾಡಿನ ಹಾಗಲ್ಲ, ಮಾತಿನ ಹಾಗೆ. ನಾನು ಹತ್ತು ಸಲ ಕೇಳಿದರೂ ಹಿಡಿಯಲು ಆಗಲಿಲ್ಲ. ಅದೇನು ಅಂತ ಯಾರಿಗಾದರೂ ಗೊತ್ತಾ?


ಕಪ್ಪುತಟ್ಟೆ:

ಮೊದಲು ಎರಡನೇ ಪ್ರಶ್ನೆ, ಯಾಕೆಂದರೆ ಅದು ತುರ್ತು. ಇನ್ನೊಂದು ಸಲ ಯಾರೂ ಎಲ್‌ಪಿಯನ್ನು ಕೀ ಕೊಡುವ ಗ್ರಾಮಫೋನ್ ಮೇಲೆ ಹಾಕದ ಹಾಗೆ ನೋಡಿಕೊಳ್ಳಿ. ಮನೆಯವರಿಗೆಲ್ಲ ಹೇಳಿಬಿಡಿ. ಆದ ಹಾನಿ ಸರಿ ಹೋಗುವುದಿಲ್ಲ. ಆ ಒಂದು ನಿಮಿಷದ ಗೆರೆ ಕಿತ್ತುಹೋಗಿದೆ.

ಕಾರಣ ಹೇಳ್ತೀನಿ. ಗ್ರಾಮಫೋನಿನ ಸೌಂಡ್‌ಬಾಕ್ಸ್, ಅಂದರೆ ತೋಳಿನ ತುದಿಯಲ್ಲಿ ಪಿನ್ನು ಸಿಕ್ಕಿಸುವ ದುಂಡು ಡಬ್ಬಿ, ಕೈಯಲ್ಲಿ ಹಿಡಿದು ನೋಡಿ. ಪ್ಲೇಟಿನ ಮೇಲೆ ಅದು 100 ಗ್ರಾಂಗಿಂತ ಜಾಸ್ತಿ ಭಾರ ಹಾಕುತ್ತೆ. ತುದಿಯಲ್ಲಿ ಇರೋದು ಉಕ್ಕಿನ ಪಿನ್ನು. ಎಲ್‌ಪಿಗೆಂದೇ ಮಾಡಿದ ಒಳ್ಳೆ ಟರ್ನ್‌ಟೇಬಲ್‌ನಲ್ಲಿ ಆ ಭಾರ ಒಂದೂವರೆಯಿಂದ ಮೂರು ಗ್ರಾಂ. ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಐದಾರು ಗ್ರಾಂ. ಎಲ್‌ಪಿ ಮಾಡಿರೋದು ವಿನೈಲ್ ಅನ್ನೋ ಮೆತ್ತನೆ ಪ್ಲಾಸ್ಟಿಕ್‌ನಿಂದ. ಮೆತ್ತನೆ ಪ್ಲಾಸ್ಟಿಕ್ ಮೇಲೆ ಅಷ್ಟು ಭಾರ ಹೇರಿ ಉಕ್ಕಿನ ಮೊಳೆ ಎಳೆದರೆ ಏನಾಗುತ್ತೆ, ಅದೇ ಆಗಿದೆ.

ಈಗ ಮೊದಲ ಪ್ರಶ್ನೆ. ಮೂರು ಸ್ಪೀಡ್ ಇದೆ ಅಂದ ಮಾತ್ರಕ್ಕೆ ಮೂರು ಥರದ ಪ್ಲೇಟಿಗೂ ಆ ಮಷಿನ್ ಸರಿ ಅಂತ ಅಲ್ಲ. ಸ್ಪೀಡ್ ಒಂದು ವಿಷಯ, ಸೂಜಿ ಇನ್ನೊಂದು. 78ರ ಗೆರೆ ಸುಮಾರು 0.15 ಮಿ.ಮೀ. ಅಗಲ. ಎಲ್‌ಪಿ 1948ರಲ್ಲಿ ಅಮೆರಿಕದಲ್ಲಿ ಬಂದಾಗ ಗೆರೆಯನ್ನು ಅದರ ಮೂರನೇ ಒಂದು ಭಾಗದಷ್ಟು ಸಣ್ಣ ಮಾಡಿದರು. ಅದಕ್ಕೇ ಒಂದು ಬದಿಗೆ 20 ನಿಮಿಷಕ್ಕಿಂತ ಜಾಸ್ತಿ ಹಾಡು ಹಿಡಿಸಿತು. 10 ಇಂಚಿನ 78ರಲ್ಲಿ ಮೂರು ನಿಮಿಷದ ಆಸುಪಾಸು ಮಾತ್ರ. ಗೆರೆ ಸಣ್ಣದಾದ ಮೇಲೆ ಸೂಜಿಯೂ ಸಣ್ಣದಾಗಬೇಕಲ್ವಾ? ನಿಮ್ಮ ಸೂಟ್‌ಕೇಸ್ ಪ್ಲೇಯರ್ ಜೊತೆ ಬಂದಿರೋದು ಎಲ್‌ಪಿ ಸ್ಟೈಲಸ್, ಅಂದರೆ ಎಲ್‌ಪಿಯ ಸೂಜಿ. ಅದರ ತುದಿಯ ದುಂಡು ಸುಮಾರು 18 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). 78ಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನ್, ನಾಲ್ಕು ಪಟ್ಟು ದಪ್ಪ.

ಸಣ್ಣ ಸೂಜಿ ದೊಡ್ಡ ಗೆರೆಯೊಳಗೆ ಬಿದ್ದರೆ ತಳಕ್ಕೆ ಹೋಗಿ ಅತ್ತಿತ್ತ ಹೊರಳಾಡುತ್ತೆ. ಹಾಡು ಇರೋದು ಗೆರೆಯ ಗೋಡೆಯಲ್ಲಿ. ತಳದಲ್ಲಿ ಇರೋದು 70 ವರ್ಷದ ಧೂಳು. ನೀವು ಕೇಳ್ತಾ ಇರೋ ಒಗ್ಗರಣೆ ಆ ಧೂಳಿನದು. ಅಜ್ಜನ ಗ್ರಾಮಫೋನಿನ ದಪ್ಪ ಪಿನ್ನು ಗೋಡೆಗೆ ಸರಿಯಾಗಿ ತಾಗಿ ಕೂರುತ್ತೆ, ಅದಕ್ಕೇ ಅಲ್ಲಿ ದನಿ ತುಂಬಿ ಬರುತ್ತೆ.

ಪರಿಹಾರ ಸುಲಭ. ನಿಮ್ಮ ಪ್ಲೇಯರ್‌ನ ಸ್ಟೈಲಸ್ ನೋಡಿ. ಚಿಕ್ಕ ಕೆಂಪು ಪ್ಲಾಸ್ಟಿಕ್ ತುಂಡು, ಉಗುರಿನಿಂದ ಮೆಲ್ಲಗೆ ಕೆಳಗೆ ಒತ್ತಿದರೆ ಕಳಚಿ ಬರುವಂಥದ್ದು ಇದ್ದರೆ, ಅದೇ ಜಾಗಕ್ಕೆ ಕೂರುವ 78ರ ಸ್ಟೈಲಸ್ ಬೇರೆ ಸಿಗುತ್ತೆ. ಕೇಳುವಾಗ ‘78ರದ್ದೇ ಬೇಕು’ ಅಂತ ಬಿಡಿಸಿ ಹೇಳಿ. ತಂದು ಹಾಕಿ ಕೇಳಿ, ಅದೇ ಪ್ಲೇಟಾ ಇದು ಅನ್ನಿಸುತ್ತೆ. ಎಲ್‌ಪಿ ಕೇಳುವ ಮೊದಲು ಮರೆಯದೆ ಹಳೇದನ್ನು ವಾಪಸ್ ಹಾಕಿ. ದಪ್ಪ ಸೂಜಿ ಎಲ್‌ಪಿಯ ಸಣ್ಣ ಗೆರೆಯೊಳಗೆ ಇಳಿಯುವುದೇ ಇಲ್ಲ, ಅಂಚನ್ನು ಸವೆಸುತ್ತಾ ಮೇಲೆಮೇಲೆ ಹೋಗುತ್ತೆ.


ರಾಜಾಜಿನಗರ_ಶಿವು:

ನಾನು ಎಷ್ಟೋ ವರ್ಷದಿಂದ ಎಲ್‌ಪಿ ಸ್ಟೈಲಸ್‌ನಲ್ಲೇ 78 ಕೇಳ್ತಾ ಇದ್ದೀನಿ. ಪ್ಲೇಟಿಗೆ ಏನೂ ಆಗಿಲ್ಲ. ಸುಮ್ನೆ ಖರ್ಚು ಮಾಡಿಸಬೇಡಿ.


ಕಪ್ಪುತಟ್ಟೆ:

ಶಿವು ಅವರೇ, ಪ್ಲೇಟಿಗೆ ಏನೂ ಆಗಿಲ್ಲ ಅನ್ನೋದು ನಿಜ ಇರಬಹುದು. 78ರ ಪ್ಲೇಟು ಅರಗಿನದು, ಗಟ್ಟಿ. ಸವೆಯುವುದು ನಿಮ್ಮ ಸ್ಟೈಲಸ್. ಅದೇ ಸವೆದ ಸ್ಟೈಲಸ್ಸನ್ನು ಆಮೇಲೆ ಎಲ್‌ಪಿ ಮೇಲೆ ಇಟ್ಟರೆ ಎಲ್‌ಪಿ ಹಾಳಾಗುತ್ತೆ. ಮತ್ತೆ, ನೀವು ಇಷ್ಟು ವರ್ಷ ಕೇಳಿರೋದು ಆ ಪ್ಲೇಟಿನಲ್ಲಿ ಇರುವುದರ ಅರ್ಧ ಮಾತ್ರ. ಒಂದೇ ಒಂದು ಸಲ 78ರ ಸ್ಟೈಲಸ್ ಹಾಕಿ ಕೇಳಿ ಅಂತ ನನ್ನ ಕೋರಿಕೆ.


ಧಾರವಾಡ_ಓಣಿ:

ಹೊಳೆಬಾಗಿಲು ಅವರೇ, 102 ಅಂದರೆ ಬಹಳ ಒಳ್ಳೆಯ ಮಷಿನ್ ರೀ. 1931ರಿಂದ ಬಂದ ಮಾಡೆಲ್ಲು, ಕೈಯಲ್ಲಿ ಹಿಡಿದು ಒಯ್ಯುವ ಗ್ರಾಮಫೋನ್‌ಗಳಲ್ಲಿ ಅದಕ್ಕಿಂತ ಚಲೋದು ನಾನು ಕೇಳಿಲ್ಲ. ನಮ್ಮ ಮನೆಯಲ್ಲೂ ಒಂದು ಇದೆ. ನಮ್ಮ ತಂದೆ ಮಲ್ಲಿಕಾರ್ಜುನ ಮನ್ಸೂರರ ಎಚ್‌ಎಂವಿ ಪ್ಲೇಟುಗಳನ್ನು ಅದರ ಮೇಲೆ ಕೇಳುತ್ತಿದ್ದರು. ರಾಗ ಹರಡೋದಕ್ಕೆ ಮೂರು ನಿಮಿಷ ಎಲ್ಲಿ ಸಾಲುತ್ತದೆ ಅಂತ ಈಗಿನವರಿಗೆ ಅನ್ನಿಸಬಹುದು. ಆ ಮೂರು ನಿಮಿಷದಲ್ಲಿ ಒಂದು ಸ್ವರವೂ ದಂಡ ಆಗಿರುವುದಿಲ್ಲ. ನಾನು ರಾಗ ಗುರುತಿಸಲು ಕಲಿತದ್ದೇ ಆ ಪ್ಲೇಟುಗಳಿಂದ.

ನೀವು ಒಂದು ವಿಷಯ ಬರೆದಿಲ್ಲ. ಪಿನ್ನು ಯಾವುದು ಹಾಕಿದಿರಿ? ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಪಿನ್ನು ಹಾಕಿದ್ದರೆ ಇವತ್ತೇ ನಿಲ್ಲಿಸಿ. ಉಕ್ಕಿನ ಪಿನ್ನು ಒಂದು ಬದಿಗೆ ಒಂದು. ಬದಿ ಮುಗಿಯಿತಾ, ಪಿನ್ನು ತೆಗೆದು ಬಿಸಾಕಿ, ಹೊಸದು ಹಾಕಿ, ಪ್ಲೇಟು ತಿರುವಿ. ಹಳೇ ಕಾಲದ ಪಿನ್ನಿನ ಡಬ್ಬಿಯ ಮೇಲೂ ಹಾಗೇ ಅಚ್ಚು ಹಾಕಿರುತ್ತಿದ್ದರು. ಜಿಪುಣತನ ಮಾಡಬಾರದ ಜಾಗ ಇದು. 78ರ ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಆ ಪುಡಿ ಮೊದಲ ಕೆಲವು ಸುತ್ತಿನಲ್ಲೇ ಪಿನ್ನಿನ ತುದಿಯನ್ನು ಅರೆದು ಆ ಗೆರೆಗೆ ತಕ್ಕ ಆಕಾರಕ್ಕೆ ತರುತ್ತದೆ. ಬದಿ ಮುಗಿಯುವ ಹೊತ್ತಿಗೆ ತುದಿ ಉಳಿಯ ಬಾಯಿಯ ಹಾಗೆ ಚೂಪಾಗಿರುತ್ತದೆ. ಅದನ್ನೇ ಇನ್ನೊಂದು ಪ್ಲೇಟಿಗೆ ಇಟ್ಟರೆ ಗೆರೆಯ ಗೋಡೆ ಕೆತ್ತಿ ಹೋಗುತ್ತದೆ. ಹಳೇ ಪ್ಲೇಟುಗಳಲ್ಲಿ ಕಪ್ಪು ಹೋಗಿ ಬೂದಿ ಬಣ್ಣದ ಪಟ್ಟೆ ಕಾಣುತ್ತದಲ್ಲ, ಬಹಳ ಸಲ ಅದು ಇದರ ಗುರುತು.

ಹೊಸ ಉಕ್ಕಿನ ಪಿನ್ನು ಈಗಲೂ ಸಿಗುತ್ತವೆ. ನೂರರ ಡಬ್ಬಿ ತರಿಸಿ ಇಟ್ಟುಕೊಳ್ಳಿ.

ಕೀ ಕೊಡುವಾಗ ಕೊನೆಗೆ ಬಿಗಿಯಾಗುವುದು ಕೈಗೆ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಕೇಳಿ ಮುಗಿದ ಮೇಲೆ ಸ್ಪ್ರಿಂಗ್ ಬಿಗಿ ಇರುವಾಗಲೇ ಮುಚ್ಚಿ ಇಡಬೇಡಿ, ಸುಮ್ನೆ ತಿರುಗಲು ಬಿಟ್ಟು ಸಡಿಲ ಮಾಡಿ. ದನಿ ಗಟ್ಟಿ ಇದ್ದು ಒಡಕು ಬಂದರೆ ಸೌಂಡ್‌ಬಾಕ್ಸ್ ಒಳಗಿನ ರಬ್ಬರ್ ಗಟ್ಟಿಯಾಗಿದೆ ಅಂತ ಅರ್ಥ. ಅದನ್ನು ಬದಲಾಯಿಸಬಹುದು. ತಿಳಿದವರ ಕೈಯಲ್ಲಿ ಮಾಡಿಸಿ, ಒಳಗಿನ ತೆಳ್ಳನೆ ಅಲ್ಯುಮಿನಿಯಂ ಹಾಳೆ ಒಂದು ಸಲ ಬಗ್ಗಿದರೆ ಮುಗಿಯಿತು.

ಇನ್ನೊಂದು ಮಾತು, ಇದು ಬೇರೆ ಓದುಗರಿಗೆ. ಹಿತ್ತಾಳೆಯ ದೊಡ್ಡ ಹೂವಿನಂಥ ಹಾರ್ನು, ಹೊಳೆಯುವ ಪೆಟ್ಟಿಗೆ ಇರುವ ‘ಹಳೇ’ ಗ್ರಾಮಫೋನ್ ಮಾರಾಟಕ್ಕೆ ಇದೆ ಅಂದರೆ ಹುಷಾರು. ಬಹಳಷ್ಟು ಈಗ ಜೋಡಿಸಿದವು. ಅಲಂಕಾರಕ್ಕೆ ಇಡಬಹುದು, ಒಳ್ಳೆಯ ಪ್ಲೇಟು ಅದರ ಮೇಲೆ ಹಾಕಬೇಡಿ. ಆ ತೋಳು ಸರಿಯಾದ ಕೋನದಲ್ಲಿ ಕೂರುವುದೇ ಇಲ್ಲ.


ಮಡಿಕೇರಿ_ಮಳೆ:

ಬೂಷ್ಟಿನ ಬಗ್ಗೆ ನಾನು ಹೇಳ್ತೀನಿ, ಯಾಕೆಂದರೆ ನನಗೆ ಆ ನೋವು ಆಗಿದೆ. ದಯವಿಟ್ಟು 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ.

ನಮ್ಮ ಅಮ್ಮನ ಹತ್ತಿರ ಎಂಟು ಪ್ಲೇಟು ಇದ್ದವು. ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು, ಪ್ಲೇಟು ಬಿಡುತ್ತಾ? ರೇಡಿಯೊ ರಿಪೇರಿ ಮಾಡುವವರೊಬ್ಬರ ಹತ್ತಿರ ಕೊಟ್ಟೆ. ಅವರು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರು. ನನ್ನ ಎದುರಿಗೇ ಹತ್ತಿ ಕಪ್ಪಾಗುತ್ತಾ ಬಂತು. ಕೊಳೆ ಬರ್ತಾ ಇದೆ ಅಂತ ನಾನು ಖುಷಿಪಟ್ಟೆ. ಅದು ಕೊಳೆ ಆಗಿರಲಿಲ್ಲ, ಪ್ಲೇಟೇ ಕರಗಿ ಬರ್ತಾ ಇತ್ತು. ಬೆರಳಿಟ್ಟರೆ ಅಂಟು. ಒಣಗಿದ ಮೇಲೆ ಆ ಬದಿ ಮಂಕಾಗಿಹೋಯಿತು, ಹಾಡು ಪೂರ್ತಿ ಹೋಯಿತು. ಅವರ ಮೇಲೆ ನನಗೆ ಕೋಪ ಇಲ್ಲ, ಅವರಿಗೂ ಗೊತ್ತಿರಲಿಲ್ಲ. ಆದರೆ ಅಮ್ಮನಿಗೆ ಹೇಳುವುದು ಬಹಳ ಕಷ್ಟ ಆಯಿತು.

78ರ ಪ್ಲೇಟು ಅಂದರೆ ಅರಗು. ಪಾಂಡವರ ಅರಗಿನ ಮನೆಯ ಅದೇ ಅರಗು, ಮುತ್ತುಗದಂಥ ಮರಗಳ ಕೊಂಬೆಯಲ್ಲಿ ಹುಳು ಕಟ್ಟುವಂಥದ್ದು. ಬಾಗಿಲಿಗೆ ಪಾಲಿಶ್ ಹಾಕುವವರು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕುವುದನ್ನು ನೋಡಿರುತ್ತೀರಿ. ರಾತ್ರಿ ಕಳೆಯುವಷ್ಟರಲ್ಲಿ ಕರಗಿರುತ್ತೆ. ಪ್ಲೇಟಿಗೆ ಆಗೋದೂ ಅದೇ.

ಈಗ ನಾನು ಮಾಡೋದು ಹೀಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೊದಲು ಒಣ ಬ್ರಷ್‌ನಲ್ಲಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟು ಉದುರಿಸ್ತೀನಿ. ಆ ಪುಡಿ ಉಸಿರಿಗೆ ಹೋದರೆ ಒಳ್ಳೇದಲ್ಲ. ಆಮೇಲೆ ಮೆತ್ತನೆ ಬ್ರಷ್‌ ಒದ್ದೆ ಮಾಡಿಕೊಂಡು ಗೆರೆ ಹೋದ ದಿಕ್ಕಿನಲ್ಲೇ ಸುತ್ತಾಗಿ ಉಜ್ಜಬೇಕು, ಅಡ್ಡಕ್ಕೆ ಅಲ್ಲ. ಲೇಬಲ್ಲಿಗೆ ನೀರು ತಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ ಒರೆಸಿ, ಹಳೇ ಕಾಟನ್ ಪಂಚೆ ತುಂಡಿನಲ್ಲಿ ನೀರು ಹೀರಿಸಿ, ಗೋಡೆಗೆ ಒರಗಿಸಿ ನೆರಳಲ್ಲಿ ಒಣಗಿಸಿ. ನೀರಲ್ಲಿ ನೆನೆಹಾಕಬೇಡಿ. ಅಂಚು ಸೀಳಿದ ಪ್ಲೇಟಿದ್ದರೆ ಅದಕ್ಕೆ ನೀರೇ ಬೇಡ.

ಎಲ್‌ಪಿ ವಿನೈಲ್ ಆದ್ದರಿಂದ ಅದಕ್ಕೆ ಸ್ಪಿರಿಟ್‌ನ ಭಯ ಅಷ್ಟಿಲ್ಲ, ಆದರೂ ನಾನು ಅದಕ್ಕೂ ಇದೇ ನೀರು ಹಾಕೋದು. ಎರಡಕ್ಕೂ ಎರಡು ಬಾಟಲಿ ಇಟ್ಟುಕೊಂಡರೆ ಒಂದು ದಿನ ಕೈ ತಪ್ಪುತ್ತೆ.

ಮತ್ತೆ, ವಾಪಸ್ ಅಟ್ಟಕ್ಕೆ ಏರಿಸಬೇಡಿ. ಹಂಚಿನ ಕೆಳಗೆ ಬೇಸಿಗೆಯ ಕಾವಿಗೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟ ಆಗುತ್ತೆ. ನಿಲ್ಲಿಸಿ ಇಡಿ, ಒಂದರ ಮೇಲೆ ಒಂದು ಪೇರಿಸಬೇಡಿ.


ಹೊಳೆಬಾಗಿಲು:

ಅಬ್ಬಾ, ಕೇಳಿದ್ದು ಒಳ್ಳೇದಾಯ್ತು. ಸ್ಪಿರಿಟ್ ಬಾಟಲಿ ತಂದು ಟೇಬಲ್ ಮೇಲೆ ಇಟ್ಟಿದ್ದೆ. ಈಗ ಎತ್ತಿ ಬೇರೆ ಕಡೆ ಇಟ್ಟೆ. ನಿಮ್ಮ ಅಮ್ಮನ ಪ್ಲೇಟಿನ ವಿಷಯ ಓದಿ ತುಂಬಾ ಬೇಜಾರಾಯಿತು.

ಧಾರವಾಡದವರೇ, ಹೌದು, ಪೆಟ್ಟಿಗೆಯ ಮೂಲೆಯ ಬಟ್ಟಲಲ್ಲಿದ್ದ ಹಳೇ ಪಿನ್ನನ್ನೇ ಹಾಕಿದ್ದೆ, ಒಂದೇ ಪಿನ್ನಿನಲ್ಲಿ ಏಳೆಂಟು ಪ್ಲೇಟು. ಭೂತಗನ್ನಡಿಯಲ್ಲಿ ನೋಡಿದೆ, ನೀವು ಹೇಳಿದ ಹಾಗೇ ಒಂದು ಬದಿ ಚಪ್ಪಟೆ, ಉಳಿಯ ಬಾಯಿ. ಹೊಸ ಡಬ್ಬಿಗೆ ಆರ್ಡರ್ ಹಾಕಿದ್ದೇನೆ. 78ರ ಸ್ಟೈಲಸ್ಸಿಗೂ.

ಲೇಬಲ್ ಇಲ್ಲದ ಪ್ಲೇಟಿನ ಬಗ್ಗೆ ಯಾರಿಗಾದರೂ ಗೊತ್ತಾದರೆ ಹೇಳಿ.


ತಂಬೂರಿ:

ಆ ಕೊನೆಯ ಮಾತು ನೀವು ಅಂದುಕೊಂಡದ್ದಕ್ಕಿಂತ ಬೆಲೆಯದ್ದು. ಅವರು ಹೇಳುತ್ತಿರುವುದು ಬಹುಶಃ ತಮ್ಮ ಹೆಸರು.

1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನುವ ರೆಕಾರ್ಡಿಂಗ್ ಎಂಜಿನಿಯರ್ ಗೌಹರ್ ಜಾನ್ ಅನ್ನುವ ಗಾಯಕಿಯ ಹಾಡನ್ನು ಪ್ಲೇಟಿಗೆ ಹಿಡಿದರು. ಆಗ ನಮ್ಮಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇರಲಿಲ್ಲ. ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು, ಅಲ್ಲಿಂದ ಪ್ಲೇಟಾಗಿ ಹಡಗಿನಲ್ಲಿ ವಾಪಸ್ ಬರಬೇಕು. ಅಲ್ಲಿನ ಕೆಲಸದವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಲ್ಲ, ಅದಕ್ಕೆ ಹಾಡು ಮುಗಿಯುತ್ತಿದ್ದ ಹಾಗೆ ಕಲಾವಿದರು ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಗೌಹರ್ ಜಾನ್ ಅದನ್ನು ಇಂಗ್ಲಿಷ್‌ನಲ್ಲೇ ಹೇಳುತ್ತಿದ್ದರು, ‘ಮೈ ನೇಮ್ ಇಸ್ ಗೌಹರ್ ಜಾನ್’ ಅಂತ. ಕಲ್ಕತ್ತದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅದಾದ ಮೇಲೂ ಕೆಲವು ಕಾಲ ಈ ಅಭ್ಯಾಸ ಉಳಿಯಿತು.

ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಆ ಕಾಲಕ್ಕೆ ದೇಶವೆಲ್ಲ ಕೇಳಿದ ದನಿ ಅದು. ನಾನು ಮೈಸೂರಿನವಳು, ನೆನೆದಾಗೆಲ್ಲ ಮನಸ್ಸಿಗೆ ಒಂಥರಾ ಆಗುತ್ತೆ.

ನಿಮ್ಮ ಪ್ಲೇಟಿನಲ್ಲಿ ಇರೋದು ಅವರೇ ಅಂತ ನಾನು ಹೇಳ್ತಾ ಇಲ್ಲ. ಬೇರೆ ಎಷ್ಟೋ ಕಲಾವಿದೆಯರು ಹೀಗೆ ಹೆಸರು ಹೇಳಿದ್ದಾರೆ. ಆದರೆ ಹೆಸರು ಹೇಳುವ ಪ್ಲೇಟು ಅಂದರೆ ಬಹುಮಟ್ಟಿಗೆ ಮೈಕ್ ಬರುವ ಮೊದಲಿನದು. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಶುರುವಾದದ್ದೇ 1925ರಲ್ಲಿ. ಅದಕ್ಕೆ ಮುಂಚೆ ದೊಡ್ಡ ತುತ್ತೂರಿಯ ಬಾಯಿಗೆ ಮುಖ ಒಡ್ಡಿ ಹಾಡಬೇಕಿತ್ತು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಆಗಿನ ಪ್ಲೇಟುಗಳನ್ನು ನಾವು 78 ಅಂತ ಕರೆದರೂ ಎಲ್ಲವೂ ಸರಿಯಾಗಿ 78ರಲ್ಲಿ ರೆಕಾರ್ಡ್ ಆಗಿರುವುದಿಲ್ಲ. ಕೆಲವು 70ರ ಆಸುಪಾಸು, ಕೆಲವು 80ಕ್ಕಿಂತ ಮೇಲೆ. ನಿಧಾನವಾಗಿ ರೆಕಾರ್ಡ್ ಮಾಡಿದ್ದನ್ನು ನಾವು ಬೇಗ ಓಡಿಸಿದರೆ ಶ್ರುತಿ ಏರುತ್ತೆ, ದನಿ ಸಣ್ಣ ಹುಡುಗಿಯದಾಗುತ್ತೆ, ತಾನಗಳು ಗಡಿಬಿಡಿ ಅನ್ನಿಸುತ್ತವೆ. ಹಾಡು ಕೇಳಿ ಇದನ್ನು ಕಂಡುಹಿಡಿಯುವುದು ಕಷ್ಟ, ಯಾವ ಶ್ರುತಿಯಲ್ಲಿ ಹಾಡಿದರೋ ಯಾರಿಗೆ ಗೊತ್ತು? ಮಾತು ಹಾಗಲ್ಲ. ಮನುಷ್ಯರು ಮಾತಾಡುವ ದನಿ ನಮ್ಮ ಕಿವಿಗೆ ಗೊತ್ತು. ಹಾಗಾಗಿ ಕೊನೆಯ ಆ ಹೆಸರನ್ನು ಇಟ್ಟುಕೊಂಡೇ ಸ್ಪೀಡ್ ಹೊಂದಿಸಿ. ಹೆಸರು ಮಾಮೂಲು ಮಾತಿನ ಹಾಗೆ ಕೇಳಿದಾಗ ಹಾಡೂ ತನ್ನ ಜಾಗಕ್ಕೆ ಬಂದಿರುತ್ತೆ.

ಅದಕ್ಕೆ ಮೊದಲು ನಿಮ್ಮ ಮಷಿನ್ ಎಷ್ಟು ಓಡುತ್ತಿದೆ ಅಂತ ನೋಡಿ. ಪ್ಲೇಟಿನ ಅಂಚಿನ ಕೆಳಗೆ ಒಂದು ಚೂರು ಬಿಳಿ ಕಾಗದ ಹೊರಗೆ ಚಾಚುವ ಹಾಗೆ ಸಿಕ್ಕಿಸಿ. ಪಿನ್ನು ಪ್ಲೇಟಿನ ಮೇಲೆ ಇರಲಿ, ಪಿನ್ನಿನ ಭಾರಕ್ಕೂ ಸ್ಪೀಡ್ ಇಳಿಯುತ್ತೆ. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ. 39 ಸುತ್ತು ಬಂದರೆ 78.


ವಿಜಯನಗರ_ಎರಡನೇಹಂತ:

ಮಧ್ಯೆ ಬಾಯಿ ಹಾಕ್ತಾ ಇದ್ದೀನಿ, ಕ್ಷಮಿಸಿ. ನನ್ನದು ಸೂಟ್‌ಕೇಸ್ ಅಲ್ಲ. ಸ್ನೇಹಿತರಿಂದ ಒಂದು ಒಳ್ಳೆ ಟರ್ನ್‌ಟೇಬಲ್ ಬಂತು, ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ಕರೆಂಟ್ ಮಾಡುವ ತುಂಡು) ಇರೋದು. ಹೋಮ್ ಥಿಯೇಟರ್‌ನ ಆಕ್ಸ್ ಸಾಕೆಟ್‌ಗೆ ಸಿಕ್ಕಿಸಿದರೆ ದನಿ ಪಿಸುಗುಟ್ಟಿದ ಹಾಗೆ, ಬಾಸ್ ಇಲ್ಲವೇ ಇಲ್ಲ, ಮೇಲೊಂದು ಗುಂಯ್ ಅಂತ ಸದ್ದು. ಮತ್ತೆ ಅದರಲ್ಲಿ 33, 45 ಮಾತ್ರ ಇದೆ. 78 ಹಾಕೋಕೆ ದಾರಿ ಇದೆಯಾ?


ಕಪ್ಪುತಟ್ಟೆ:

ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಅಷ್ಟೆ. ಆಕ್ಸ್‌ಗೆ ಬೇಕಾದದ್ದು ಅದರ ಎಷ್ಟೋ ಪಟ್ಟು. ನಡುವೆ ಫೋನೋ ಪ್ರೀಆಂಪ್ ಬೇಕು. ಅದು ದನಿ ಏರಿಸುವುದಷ್ಟೇ ಅಲ್ಲ. ಎಲ್‌ಪಿ ಮಾಡುವಾಗ ಗೆರೆ ತೀರಾ ಅಗಲ ಆಗದಿರಲಿ ಅಂತ ಬಾಸ್ ತಗ್ಗಿಸಿ, ಸರಸರ ಸದ್ದು ಮುಚ್ಚಲಿ ಅಂತ ಮೇಲಿನ ಸ್ವರ ಏರಿಸಿ ಕೆತ್ತಿರುತ್ತಾರೆ. ಪ್ರೀಆಂಪ್ ಅದನ್ನು ತಿರುಗಿಸಿ ಸರಿ ಮಾಡುತ್ತೆ. 1950ರ ದಶಕದ ನಡುವಿನಿಂದ ಎಲ್ಲರೂ ಆರ್‌ಐಎಎ ಅನ್ನುವ ಒಂದೇ ಅಳತೆ ಬಳಸುತ್ತಾ ಬಂದರು. ಹಳೇ ಆಂಪ್ಲಿಫೈಯರ್‌ಗಳ ಹಿಂದೆ ‘ಫೋನೋ’ ಅಂತ ಬರೆದ ಸಾಕೆಟ್ ಇರುತ್ತಿತ್ತಲ್ಲ, ಒಳಗೆ ಇದೇ ಇರುತ್ತಿತ್ತು. ಗುಂಯ್ ಸದ್ದಿಗೆ, ಟರ್ನ್‌ಟೇಬಲ್‌ನಿಂದ ಬರುವ ಒಂಟಿ ವೈರನ್ನು ಪ್ರೀಆಂಪ್‌ನ ಗ್ರೌಂಡ್ ಸ್ಕ್ರೂಗೆ ಕಟ್ಟಿ. ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತೆ, ಅದು ತಾನೇ ಜಾಸ್ತಿ ವೋಲ್ಟೇಜ್ ಕೊಡುತ್ತೆ, ಅದಕ್ಕೆ ಈ ತಾಪತ್ರಯ ಇಲ್ಲ.

78ಕ್ಕೆ ದಾರಿ ಇದೆ. ನಿಮ್ಮ ಕಾರ್ಟ್ರಿಜ್‌ಗೆ ಕೂರುವ 78ರ ಸ್ಟೈಲಸ್ ಸಿಕ್ಕರೆ ಹಾಕಿ, 45ರಲ್ಲಿ ಓಡಿಸಿ, ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿಕೊಳ್ಳಿ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ 45ನ್ನು 78 ಮಾಡುವ ಆಯ್ಕೆ ಇದೆ. ಒಂದು ಒತ್ತಿಗೆ ಆಗುತ್ತೆ. ಮತ್ತೆ 78ರ ಪ್ಲೇಟುಗಳು ಮೋನೋ, ನಿಮ್ಮ ಕಾರ್ಟ್ರಿಜ್ ಸ್ಟೀರಿಯೊ. ಎಡ ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿದರೆ ಚಟಪಟ ಸದ್ದು ಎಷ್ಟೋ ಇಳಿಯುತ್ತೆ. ಗೆರೆಯಲ್ಲಿ ಹಾಡು ಅಡ್ಡಕ್ಕೆ ಓಲಾಡುತ್ತೆ, ಕೊಳೆ ಸೂಜಿಯನ್ನು ಮೇಲೆ ಕೆಳಗೆ ಕುಣಿಸುತ್ತೆ. ಕೂಡಿಸಿದಾಗ ಮೇಲೆ ಕೆಳಗಿನದು ಒಂದನ್ನೊಂದು ಹೊಡೆದು ಹಾಕುತ್ತೆ.

ಹೊಳೆಬಾಗಿಲು ಅವರೇ, ಚಿಕ್ಕ 7 ಇಂಚಿನವು ಇವೆ ಅಂದಿರಿ. ಅವೆಲ್ಲ 45 ಅಂತ ಅಂದುಕೊಳ್ಳಬೇಡಿ. ಎಚ್‌ಎಂವಿಯವರು ನಮ್ಮಲ್ಲಿ ಸೂಪರ್ 7 ಅಂತ 7 ಇಂಚಿನದ್ದನ್ನೇ 33ರ ಸ್ಪೀಡ್‌ನಲ್ಲಿ ಮಾಡುತ್ತಿದ್ದರು. ಲೇಬಲ್ ಓದಿ ಸ್ಪೀಡ್ ಇಡಿ.


ಹೊಳೆಬಾಗಿಲು:

ಹದಿನೈದು ದಿನ ಆದ ಮೇಲೆ ಬರೀತಾ ಇದ್ದೀನಿ. ಸ್ಟೈಲಸ್ ಬಂತು, ಪಿನ್ನೂ ಬಂತು.

ಮಡಿಕೇರಿಯವರು ಹೇಳಿದ ಹಾಗೆ ಎಲ್ಲ 34 ಪ್ಲೇಟು ಸ್ವಚ್ಛ ಮಾಡಿದೆ. ಎರಡು ದಿನ ಹಿಡಿಯಿತು. ಹಿಂದಿನ ಜಗಲಿಯ ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದನ್ನು ನೋಡಿ ಅಜ್ಜಿ ಬಂದು ಪಕ್ಕದಲ್ಲೇ ಕೂತರು, ಬೆಕ್ಕು ಬಾರದ ಹಾಗೆ ಕಾಯುತ್ತೇನೆ ಅಂತ. ಎರಡು ಪ್ಲೇಟಿಗೆ ಸೀಳು ಇತ್ತು, ಅವನ್ನು ಒಣ ಬ್ರಷ್ ಮಾಡಿ ಬಿಟ್ಟೆ. ಸೂಟ್‌ಕೇಸ್ ಪ್ಲೇಯರ್‌ಗೆ 78ರ ಸ್ಟೈಲಸ್ ಹಾಕಿದ ಮೇಲೆ ಚಟಪಟ ಪೂರ್ತಿ ಹೋಗಿಲ್ಲ, ಆದರೆ ಅದು ಹಿಂದೆ ಸರಿದು ದನಿ ಮುಂದೆ ಬಂದಿದೆ. ಒಂದು ನಾಟಕದ ಹಾಡಿನಲ್ಲಿ ಹಾರ್ಮೋನಿಯಂ ಇದೆ ಅಂತಲೇ ಮೊದಲು ಗೊತ್ತಿರಲಿಲ್ಲ.

ತಂಬೂರಿ ಅವರೇ, ನೀವು ಹೇಳಿದ ಹಾಗೆ ಕಾಗದದ ಚೂರು ಸಿಕ್ಕಿಸಿ ಎಣಿಸಿದೆ. 30 ಸೆಕೆಂಡಿಗೆ 43. ಅಂದರೆ 86! ಇಷ್ಟು ದಿನ ಎಲ್ಲ ಪ್ಲೇಟನ್ನೂ ಓಡಿಸಿಯೇ ಕೇಳಿದ್ದೇನೆ. ಕಡ್ಡಿ ಸರಿಸಿ 39ಕ್ಕೆ ತಂದೆ. ಬಾಕಿ ಪ್ಲೇಟುಗಳೆಲ್ಲ ಸರಿಯಾದವು. ಲೇಬಲ್ ಇಲ್ಲದ್ದು ಮಾತ್ರ ಆಗಲೂ ಸ್ವಲ್ಪ ಗಡಿಬಿಡಿ ಅನ್ನಿಸಿತು. ಇನ್ನೂ ಇಳಿಸಿದೆ. 37ರ ಹತ್ತಿರ ಬಂದಾಗ ಆ ಕೊನೆಯ ಮಾತು ಮಾತಿನ ಹಾಗೆ ಕೇಳಿತು. ಹೆಸರಿನ ಮೊದಲ ಭಾಗದ ಮೇಲೆ ಒಂದು ಗೀರು ಇದೆ, ಅಲ್ಲಿ ಸರಿಯಾಗಿ ಕೇಳಲ್ಲ. ಕೊನೆ ‘ಬಾಯಿ’ ಅನ್ನೋದು ಖಂಡಿತ. ಅಜ್ಜಿಗೂ ಹಾಗೇ ಕೇಳಿಸಿತು. ಸಣ್ಣ ಹುಡುಗಿ ಅಂದುಕೊಂಡಿದ್ದೆ, ದೊಡ್ಡವರ ತುಂಬು ದನಿ ಅದು.

ಹೆಸರಿನ ಮೊದಲ ಭಾಗ ತಿಳಿಯಲು ಬೇರೆ ದಾರಿ ಇದೆಯಾ?


ತಂಬೂರಿ:

ಇದೆ. ಲೇಬಲ್ ಅಂಟಿದ್ದ ಜಾಗಕ್ಕೂ ಗೆರೆ ಮುಗಿಯುವ ಜಾಗಕ್ಕೂ ನಡುವೆ ಒಂದು ಖಾಲಿ ಪಟ್ಟಿ ಇರುತ್ತೆ. ಅಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ ಅಥವಾ ಕೈಯಲ್ಲಿ ಗೀಚಿರುತ್ತಾರೆ, ಕಪ್ಪು ಮೇಲೆ ಕಪ್ಪು, ಎದುರಿಗೆ ಕಾಣಲ್ಲ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಓರೆಯಾಗಿ, ಪ್ಲೇಟಿನ ಮಟ್ಟಕ್ಕೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಎರಡೂ ಬದಿಯ ಅಂಕಿ ಬರೆದು ಹಾಕಿ. ಅಂಕಿ ಇದ್ದರೆ ಹಳೇ ಕ್ಯಾಟಲಾಗ್‌ಗಳ ಜೊತೆ ಹೋಲಿಸಬಹುದು. ಪಟ್ಟಿ ಇಟ್ಟುಕೊಂಡಿರುವ ಸಂಗ್ರಹಕಾರರು ಇದ್ದಾರೆ, ನಾನು ಕೇಳ್ತೀನಿ. ಆ ಗೀರಿನ ಜಾಗದಲ್ಲಿ ಪಿನ್ನು ಮತ್ತೆ ಮತ್ತೆ ಇಡಬೇಡಿ. ಸೂಟ್‌ಕೇಸ್ ಪ್ಲೇಯರ್‌ನಲ್ಲಿ 78ರ ಸ್ಟೈಲಸ್ ಹಾಕಿ ಒಂದು ಸಲ ರೆಕಾರ್ಡ್ ಮಾಡಿ, ಸ್ಪೀಡ್ ಕಂಪ್ಯೂಟರ್‌ನಲ್ಲಿ ಇಳಿಸಿ, ಆಮೇಲೆ ಎಷ್ಟು ಸಲ ಬೇಕಾದರೂ ಅದನ್ನೇ ಕೇಳಿ.


ಹೊಳೆಬಾಗಿಲು:

ಟಾರ್ಚ್ ಹಿಡಿದು ನೋಡಿದೆ, ಅಂಕಿ ಇದೆ! ಒಂದು ಬದಿ ಸರಿಯಾಗಿ ಓದಲು ಬರುತ್ತೆ, ಇನ್ನೊಂದರಲ್ಲಿ ನಡುವಿನ ಒಂದು ಅಂಕಿ 3 ಆಗಿರಬಹುದು, 8 ಆಗಿರಬಹುದು. ನಾಳೆ ಹಗಲಲ್ಲಿ ಫೋಟೊ ತೆಗೆದು, ರೆಕಾರ್ಡಿಂಗ್ ಜೊತೆ ಇಲ್ಲೇ ಹಾಕುತ್ತೇನೆ.